ಮಾಯದ ಗಾಯಕ್ಕೆ ಡಿಎನ್‌ಎ: ಎಲ್ಲಿಯವರೆಗೆ ಬಂದಿದೆ?

ಡಿಎನ್‌ಎ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡು. ಒಂದು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ತಿರುಚಿದ ಏಣಿಯ ಚಿತ್ರ. ಇನ್ನೊಂದು, ಟಿವಿಯ ಕ್ರೈಂ ಸುದ್ದಿಯಲ್ಲಿ ಬರುವ ‘ಡಿಎನ್‌ಎ ಪರೀಕ್ಷೆ’. ಅದೇ ಡಿಎನ್‌ಎಯಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಪಂಜರಗಳನ್ನೂ ಜೆಲ್ಲಿಯಂಥ ಪದಾರ್ಥಗಳನ್ನೂ ಮಾಡಿ, ಗಾಯ ಬೇಗ ಮಾಯುವಂತೆ, ಹಾಳಾದ ಚರ್ಮ ಮತ್ತೆ ಬೆಳೆಯುವಂತೆ ಮಾಡುವ ಪ್ರಯತ್ನ ಕೆಲವು ವರ್ಷಗಳಿಂದ ನಡೆದಿದೆ. ಇಂಥ ಪಂಜರಗಳನ್ನು ಕಟ್ಟುವ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ನನ್ನದು ಕಾಮರ್ಸ್. ಆದರೂ ಈ ವಿಷಯ ಓದಲು ಮನೆಯಲ್ಲೇ ಕಾರಣವಿತ್ತು. ನಮ್ಮ ದಾದಾ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ದುಡಿದವರು. ಅವರಿಗೆ ಶುಗರ್ ಇದೆ. ಎರಡು ವರ್ಷದ ಹಿಂದೆ ಚಪ್ಪಲಿ ತೂತು ಮಾಡಿಕೊಂಡು ಬಂದ ಒಂದು ಮೊಳೆ ಕಾಲಿನ ಹೆಬ್ಬೆರಳಿಗೆ ಚುಚ್ಚಿತು. ನೋವೇ ಆಗಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೂರು ತಿಂಗಳ ನಂತರ ಆ ಬೆರಳನ್ನು ತೆಗೆಯಬೇಕಾಯಿತು. ಒಂದು ಮೊಳೆಯಷ್ಟು ಗಾಯ ಯಾಕೆ ಮಾಯಲಿಲ್ಲ ಎಂದು ಹುಡುಕುತ್ತಾ ಹೋದಾಗ ಈ ಡಿಎನ್‌ಎ ಸಂಶೋಧನೆಯ ಸುದ್ದಿ ಸಿಕ್ಕಿತು. ಓದಿ ತಿಳಿದುಕೊಂಡದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಗಾಯ ಮಾಯುವುದು ಹೇಗೆ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಗಾಯಗಳಿಗೆ ಬರವಿಲ್ಲ. ಕಾಯಿ ಸುಲಿಯುವ ಕಬ್ಬಿಣದ ಮೊನೆ, ಕೊಬ್ಬರಿ ಒಡೆಯುವ ಮಚ್ಚು, ತೋಟದಲ್ಲಿ ಬಿದ್ದ ಒಣಗರಿ, ನಾರಿನ ಫ್ಯಾಕ್ಟರಿಯ ಯಂತ್ರ, ಎಲ್ಲವೂ ಕೈಕಾಲು ಕೊಯ್ಯುವಂಥವೇ. ಇವುಗಳಲ್ಲಿ ಸಣ್ಣಪುಟ್ಟವು ವಾರ ಹತ್ತು ದಿನದಲ್ಲಿ ತಾವೇ ಮಾಯುತ್ತವೆ. ಮಾಯಿಸುವುದು ನಮ್ಮ ದೇಹ. ಮುಲಾಮು, ಬ್ಯಾಂಡೇಜು ಅದಕ್ಕೆ ಸಹಾಯ ಮಾಡುತ್ತವೆ, ಅಷ್ಟೆ.

ದೇಹ ಈ ಕೆಲಸವನ್ನು ನಾಲ್ಕು ಹಂತದಲ್ಲಿ ಮಾಡುತ್ತದೆ. ಮೊದಲು ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಂದು, ಸತ್ತ ಮಾಂಸವನ್ನು ತೆಗೆಯುತ್ತವೆ. ಗಾಯದ ಸುತ್ತ ಕೆಂಪಾಗಿ, ಊದಿಕೊಂಡು, ಬಿಸಿಯಾಗುವುದು ಆಗಲೇ. ಮೂರನೆಯದಾಗಿ ಹೊಸ ರಕ್ತನಾಳಗಳು ಚಿಗುರುತ್ತವೆ, ಹೊಸ ಜೀವಕೋಶಗಳು ಅಂಚಿನಿಂದ ಒಳಗೆ ಸರಿದು ಗುಂಡಿಯನ್ನು ತುಂಬುತ್ತವೆ. ಕೊನೆಯದಾಗಿ, ಅವಸರದಲ್ಲಿ ತುಂಬಿದ್ದನ್ನು ದೇಹ ತಿಂಗಳುಗಟ್ಟಲೆ ನಿಧಾನವಾಗಿ ಸರಿಪಡಿಸುತ್ತದೆ. ಅಷ್ಟಾದರೂ ಕಲೆಯಾದ ಚರ್ಮಕ್ಕೆ ಮೊದಲಿನ ಚರ್ಮದ ಶೇ. 80ರಷ್ಟು ಶಕ್ತಿ ಬಂದರೆ ಅದೇ ಹೆಚ್ಚು.

ಗುಂಡಿ ತುಂಬುವ ಮುಖ್ಯ ಸಾಮಗ್ರಿ ಕೊಲ್ಯಾಜೆನ್ ಎಂಬ ಪ್ರೋಟೀನ್. ಅದು ಮೂರು ಎಳೆ ಸೇರಿಸಿ ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಜೈವಿಕ ಅಣುಗಳ ರಚನೆ ಓದುವ ವಿಭಾಗವನ್ನೇ ಕಟ್ಟಿದರು.

‘ನಾಸೂರ್’ ಆಗುವುದು ಯಾಕೆ?

ಕನ್ನಡದಲ್ಲಿ ಗಾಯ ‘ಮಾಯುವುದು’ ಎನ್ನುತ್ತೇವೆ. ಕಣ್ಣೆದುರಿಗಿದ್ದದ್ದು ಇಲ್ಲವಾಗುವುದು ಎಂಬಂತೆ ಕೇಳಿಸುವ ಒಳ್ಳೆಯ ಮಾತು. ಮಾಯದೆ ಕೀವು ಸೋರುತ್ತಾ ಉಳಿಯುವ ಹುಣ್ಣಿಗೆ ನಮ್ಮ ಮನೆಯ ಉರ್ದುವಿನಲ್ಲಿ ‘ನಾಸೂರ್’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಹಲವು ಸಲ ನಾಸೂರ್ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಾಗಾಗಿ ಇದು ನಮ್ಮ ಮನೆಯೊಂದರ ಕಥೆಯಲ್ಲ.

ಕಾರಣಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಮಂಕಾಗುತ್ತವೆ, ಚುಚ್ಚಿದರೂ ಸುಟ್ಟರೂ ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗುತ್ತವೆ, ಹೊಸ ಮಾಂಸಕ್ಕೆ ಬೇಕಾದ ಆಮ್ಲಜನಕ ತಲುಪುವುದಿಲ್ಲ. ಮೂರನೆಯ ಕಾರಣವೇ ನನಗೆ ಹೊಸದಾಗಿ ತಿಳಿದದ್ದು: ಗಾಯ ಎರಡನೇ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸ್ವಚ್ಛ ಮಾಡಲು ಬಂದ ಬಿಳಿ ರಕ್ತಕಣಗಳು ಕೆಲಸ ಮುಗಿಸಿ ಹೋಗುವುದೇ ಇಲ್ಲ. ಹಳೆ ಗೋಡೆ ಕೆಡವಲು ಬಂದವರು ಕೆಡವುತ್ತಲೇ ಇದ್ದರೆ ಗಾರೆಯವರು ಹೊಸ ಗೋಡೆ ಎಬ್ಬಿಸುವುದು ಯಾವಾಗ?

ಇಲ್ಲಿ ಡಿಎನ್‌ಎಯದೇ ಒಂದು ಪಾತ್ರವಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮೊಳಗಿನ ಡಿಎನ್‌ಎಯನ್ನು ಹೊರಗೆ ಎಸೆದು, ಅದನ್ನೇ ಬಲೆಯಾಗಿ ಹರಡಿ ರೋಗಾಣುಗಳನ್ನು ಹಿಡಿಯುತ್ತವೆ ಎಂದು 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ತೋರಿಸಿದರು. ಸಕ್ಕರೆ ಕಾಯಿಲೆಯಲ್ಲಿ ಈ ಬಲೆ ಅತಿಯಾಗಿ ಹರಡಿ ಗಾಯ ಮಾಯುವುದಕ್ಕೇ ಅಡ್ಡಿಯಾಗುತ್ತದೆ ಎಂದು 2015ರಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಜ್ಞಾನಿಗಳು ಕಂಡುಕೊಂಡರು. ಅವರು ಇಲಿಗಳಲ್ಲಿ ಆ ಬಲೆಯನ್ನು ಕರಗಿಸಿದಾಗ ಗಾಯ ಬೇಗ ಮಾಯಿತು. ಅಂದರೆ ಡಿಎನ್‌ಎ ಸುರಿದ ಮಾತ್ರಕ್ಕೆ ಗಾಯ ವಾಸಿಯಾಗುವುದಿಲ್ಲ. ಯಾವ ಆಕಾರದಲ್ಲಿ, ಎಷ್ಟು, ಯಾವಾಗ ಎಂಬುದೇ ಮುಖ್ಯ.

ಡಿಎನ್‌ಎ ಎಂಬ ಹುರಿ

ವಿಜ್ಞಾನ ಪುಸ್ತಕದಲ್ಲಿ ಡಿಎನ್‌ಎಯನ್ನು ವಂಶದ ಮಾಹಿತಿ ಬರೆದಿಟ್ಟ ಪುಸ್ತಕ ಎಂದು ಓದುತ್ತೇವೆ. ಈ ಸಂಶೋಧನೆ ಅರ್ಥವಾಗಬೇಕಾದರೆ ಆ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಇಲ್ಲಿ ಡಿಎನ್‌ಎ ಎಂದರೆ ಕಟ್ಟುವ ಸಾಮಗ್ರಿ. ಮಟ್ಟೆಯ ನಾರಿನಿಂದ ಎರಡು ಎಳೆ ತೆಗೆದು ಹೊಸೆದರೆ ಹಗ್ಗವಾಗುತ್ತದಲ್ಲ, ಹಾಗೆ ಎರಡು ಎಳೆಯ ಹುರಿ ಅದು. ದಪ್ಪ 2 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪವೇ 80 ಸಾವಿರ ನ್ಯಾನೊಮೀಟರ್‌ನಷ್ಟಿರುತ್ತದೆ ಎಂದರೆ ಇದು ಎಷ್ಟು ತೆಳು ಎಂದು ಊಹಿಸಿ.

ತೆಂಗಿನ ಹಗ್ಗಕ್ಕೂ ಈ ಹುರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಗ್ಗ ಹೊಸೆಯಲು ಕೈ ಬೇಕು. ಡಿಎನ್‌ಎಯ ಎಳೆಗಳು ತಮ್ಮ ಜೋಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಪ್ರತಿ ಎಳೆಯಲ್ಲೂ ಎ, ಟಿ, ಜಿ, ಸಿ ಎಂಬ ನಾಲ್ಕು ಬಗೆಯ ಕೊಂಡಿಗಳು ಸಾಲಾಗಿವೆ. ಎ ಎದುರಿಗೆ ಟಿ ಮಾತ್ರ, ಜಿ ಎದುರಿಗೆ ಸಿ ಮಾತ್ರ ಕೂರುತ್ತದೆ. ಆದ್ದರಿಂದ ಕೊಂಡಿಗಳ ಸಾಲನ್ನು ಸರಿಯಾಗಿ ಯೋಚಿಸಿ ಬರೆದರೆ ಯಾವ ಎಳೆಯ ಯಾವ ತುದಿ ಯಾವುದಕ್ಕೆ ಅಂಟಬೇಕು ಎಂದು ಮೊದಲೇ ನಿರ್ಧರಿಸಬಹುದು. ಈ ಆಲೋಚನೆಯನ್ನು 1982ರಲ್ಲಿ ಪ್ರಕಟಿಸಿದವರು ಅಮೆರಿಕದ ನೇಡ್ರಿಯನ್ ಸೀಮನ್. 1991ರಲ್ಲಿ ಅವರ ಗುಂಪು ಡಿಎನ್‌ಎಯಿಂದಲೇ ಅಂಚುಗಳಿರುವ ಒಂದು ಘನಾಕೃತಿಯನ್ನು ಕಟ್ಟಿತು. ಸೀಮನ್ 2021ರಲ್ಲಿ ತೀರಿಕೊಂಡರು.

ಗಾಯದ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾಗುವ ಆಕಾರ ಇದಕ್ಕಿಂತ ಸರಳ. ಅದು ನಾಲ್ಕು ಮುಖ, ಆರು ಅಂಚುಗಳ ಮುಮ್ಮೂಲೆ ಗೋಪುರ, ಇಂಗ್ಲಿಷಿನಲ್ಲಿ ಟೆಟ್ರಾಹೆಡ್ರನ್. ಇದನ್ನು ಸುಲಭವಾಗಿ ಕಟ್ಟುವ ದಾರಿ ತೋರಿಸಿದ್ದು ಆಕ್ಸ್‌ಫರ್ಡಿನ ಆಂಡ್ರ್ಯೂ ಟರ್ಬರ್‌ಫೀಲ್ಡ್ ಅವರ ಗುಂಪು. 2005ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕು ಎಳೆಗಳನ್ನು ಸಮಪ್ರಮಾಣದಲ್ಲಿ ಮೆಗ್ನೀಸಿಯಂ ಇರುವ ದ್ರಾವಣದಲ್ಲಿ ಹಾಕಿ, 95 ಡಿಗ್ರಿಗೆ ಬಿಸಿ ಮಾಡಿ, ಕೂಡಲೇ 4 ಡಿಗ್ರಿಗೆ ತಣ್ಣಗಾಗಿಸಿದರೆ ಸಾಕು. ಪ್ರತಿ ಎಳೆ ಒಂದೊಂದು ಮುಖವನ್ನು ಸುತ್ತಿಕೊಂಡು ಗೋಪುರ ತಾನಾಗಿ ಎದ್ದು ನಿಲ್ಲುತ್ತದೆ. ಪ್ರತಿ ಅಂಚು ಸುಮಾರು 7 ನ್ಯಾನೊಮೀಟರ್.

ಜಿಕೆವಿಕೆ ಆವರಣದ ಪಂಜರಗಳು

ಕೃಷಿ ಮೇಳಕ್ಕೆಂದು ನಮ್ಮ ಕಡೆಯ ತೋಟದವರು ಬೆಂಗಳೂರಿನ ಜಿಕೆವಿಕೆಗೆ ಹೋಗುತ್ತಾರೆ. ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಅಲ್ಲಿ ಯಮುನಾ ಕೃಷ್ಣನ್ ಎಂಬ ವಿಜ್ಞಾನಿ ಡಿಎನ್‌ಎಯಿಂದ ಪುಟ್ಟ ಯಂತ್ರಗಳನ್ನು ಕಟ್ಟಿದರು. 2009ರಲ್ಲಿ ಅವರ ಗುಂಪು ‘ಐ-ಸ್ವಿಚ್’ ಎಂಬುದನ್ನು ಮಾಡಿತು. ಹುಳಿ ಹೆಚ್ಚಾದರೆ ಮಡಚಿಕೊಳ್ಳುವ, ಕಡಿಮೆಯಾದರೆ ಬಿಚ್ಚಿಕೊಳ್ಳುವ ಡಿಎನ್‌ಎ ತುಂಡು ಅದು. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ಜೀವಂತ ಕೋಶದೊಳಗೆ ಬಿಟ್ಟರೆ, ಕೋಶದ ಯಾವ ಭಾಗದಲ್ಲಿ ಎಷ್ಟು ಹುಳಿ ಇದೆ ಎಂದು ಹೊರಗಿನಿಂದಲೇ ಅಳೆಯಬಹುದು.

ಅದೇ ವರ್ಷ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಧೀರಜ್ ಭಾಟಿಯಾ ಮತ್ತು ಸಂಗಡಿಗರು 20 ಮುಖಗಳ ಡಿಎನ್‌ಎ ಪಂಜರ ಕಟ್ಟಿ, ಅದರೊಳಗೆ ಚಿನ್ನದ ಕಣಗಳನ್ನು ಕೂಡಿಹಾಕಿದರು. ಹಳೆಯ ಮನೆಗಳಲ್ಲಿ ಹಾಲು ಮೊಸರಿನ ಗಡಿಗೆ ಇಡಲು ಹಗ್ಗದ ನೆಲುವು ಕಟ್ಟುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ಹಗ್ಗದ ಕೆಲಸ ಗಡಿಗೆಯನ್ನು ಬೀಳದಂತೆ ಹಿಡಿಯುವುದು. ಈ ಪಂಜರದ ಕೆಲಸವೂ ಅಷ್ಟೆ. ಒಳಗೆ ಔಷಧಿಯನ್ನಿಟ್ಟು ಬೇಕಾದ ಜಾಗಕ್ಕೆ ಒಯ್ಯಬಹುದು ಎಂಬುದು ಇದರ ಆಸೆ.

ಯಮುನಾ ಕೃಷ್ಣನ್ ಅವರಿಗೆ 2013ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2017ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. 2014ರಲ್ಲಿ ಅವರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ಭಾಟಿಯಾ ಈಗ ಗಾಂಧಿನಗರದ ಐಐಟಿಯಲ್ಲಿ ಡಿಎನ್‌ಎ ಪಂಜರಗಳು ಮತ್ತು ಡಿಎನ್‌ಎ ಜೆಲ್‌ಗಳು ಜೀವಕೋಶಗಳ ಮೇಲೆ ಏನು ಪರಿಣಾಮ ಬೀರುತ್ತವೆ ಎಂದು ಅಧ್ಯಯನ ಮಾಡುತ್ತಿದ್ದಾರೆ. ಬೆಂಗಳೂರಿನ ಈ ಕೆಲಸ ನೇರವಾಗಿ ಗಾಯದ ಔಷಧಿಯಲ್ಲ. ಡಿಎನ್‌ಎಯನ್ನು ಬೇಕಾದ ಆಕಾರಕ್ಕೆ ಕಟ್ಟಿ ಜೀವಂತ ಕೋಶದೊಳಗೆ ಕಳಿಸಿ ಕೆಲಸ ತೆಗೆಯಬಹುದು ಎಂದು ತೋರಿಸಿದ ತಳಪಾಯ.

ಗಾಯದ ಮೇಲೆ ಏನು ಮಾಡುತ್ತದೆ?

ಡಿಎನ್‌ಎಗೂ ಕೋಶದ ಹೊರಪದರಕ್ಕೂ ಋಣ ವಿದ್ಯುದಂಶವಿದೆ. ಒಂದೇ ಬಗೆಯ ವಿದ್ಯುದಂಶಗಳು ಪರಸ್ಪರ ದೂಡುತ್ತವೆ. ಹಾಗಾಗಿ ಬಿಡಿ ಎಳೆ ಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಆದರೆ ಅದೇ ಡಿಎನ್‌ಎ ಗೋಪುರದ ಆಕಾರದಲ್ಲಿದ್ದರೆ ಕೋಶಗಳು ಅದನ್ನು ತಾವಾಗಿ ಒಳಗೆ ಎಳೆದುಕೊಳ್ಳುತ್ತವೆ.

ಚೀನಾದ ಸಿಚುವಾನ್ ವಿಶ್ವವಿದ್ಯಾಲಯದ ಯುನ್‌ಫೆಂಗ್ ಲಿನ್ ಅವರ ಗುಂಪು ಈ ಗೋಪುರಗಳನ್ನು ಗಾಯಗಳ ಮೇಲೆ ಪ್ರಯೋಗಿಸಿದೆ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನಗಳಲ್ಲಿ ಇಲಿಗಳ ಚರ್ಮದ ಗಾಯ ಬೇಗ ಮುಚ್ಚಿತು, ಕಲೆ ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲೂ ಹೊಸ ರಕ್ತನಾಳಗಳು ಹೆಚ್ಚು ಚಿಗುರಿದವು, ಉರಿಯೂತ ತಗ್ಗಿತು. ಎರಡನೇ ಹಂತದಲ್ಲಿ ಸಿಕ್ಕಿಹಾಕಿಕೊಂಡ ಗಾಯವನ್ನು ಮೂರನೇ ಹಂತಕ್ಕೆ ದಾಟಿಸುವ ಕೆಲಸ ಇದು. ಇದಲ್ಲದೆ ಗೋಪುರದ ಅಂಚುಗಳಿಗೆ ರೋಗಾಣು ಕೊಲ್ಲುವ ಔಷಧಿಯನ್ನೋ ಬೆಳವಣಿಗೆಗೆ ಬೇಕಾದ ಅಂಶವನ್ನೋ ಕಟ್ಟಿ ಕಳಿಸಲೂ ಬಹುದು.

ಇನ್ನೊಂದು ದಾರಿ ಡಿಎನ್‌ಎ ಜೆಲ್. ಕವಲೊಡೆದ ಡಿಎನ್‌ಎ ತುಂಡುಗಳನ್ನು ಒಂದಕ್ಕೊಂದು ಬೆಸೆದು, ನೀರು ಹಿಡಿದಿಟ್ಟುಕೊಳ್ಳುವ ಜೆಲ್ಲಿ ಮಾಡಬಹುದು ಎಂದು 2006ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾನ್ ಲುವೊ ಅವರ ಗುಂಪು ತೋರಿಸಿತು. ಎಳೆ ಎಳನೀರಿನ ಗಂಜಿಯಂತೆ ಮೆತ್ತಗಿರುವ ಇಂಥ ಜೆಲ್ ಗಾಯದ ಗುಂಡಿಯ ಆಕಾರಕ್ಕೆ ತಾನೇ ಹೊಂದಿಕೊಳ್ಳಬಲ್ಲದು. ಮನೆ ಕಟ್ಟುವಾಗ ಗಾರೆಯವರು ನಿಲ್ಲಲು ಮರದ ಅಟ್ಟಣಿಗೆ ಕಟ್ಟುತ್ತಾರೆ. ಗೋಡೆ ಎದ್ದ ಮೇಲೆ ಅದನ್ನು ಬಿಚ್ಚುತ್ತಾರೆ. ಜೆಲ್ ಕೂಡ ಹೊಸ ಕೋಶಗಳಿಗೆ ಅಂಥ ಅಟ್ಟಣಿಗೆ, ಕೆಲಸ ಮುಗಿದ ಮೇಲೆ ಕರಗಿಹೋಗುತ್ತದೆ.

ದೇಹದೊಳಗೆ ತಾನಾಗಿ ಕರಗುವ ಸಾಮಗ್ರಿಯ ಯೋಚನೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೊವಾದಲ್ಲಿದ್ದ ಶಸ್ತ್ರವೈದ್ಯ ಅಲ್-ಜಹ್ರಾವಿ ಪ್ರಾಣಿಯ ಕರುಳಿನ ದಾರದಿಂದ ಒಳಗಿನ ಹೊಲಿಗೆ ಹಾಕುವುದನ್ನು ತಮ್ಮ 30 ಭಾಗಗಳ ‘ಅತ್-ತಸ್ರೀಫ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ದಾರವೂ ಕೊಲ್ಯಾಜೆನ್ನೇ.

ಮನೆಯಲ್ಲಿ ಕೇಳಿದ ಎರಡು ಪ್ರಶ್ನೆ

ಈ ವಿಷಯ ಹೇಳಿದಾಗ ಅಮ್ಮಿ ಕೇಳಿದ್ದು: ಬೇರೆ ಡಿಎನ್‌ಎ ಹಾಕಿದರೆ ನಮ್ಮ ಡಿಎನ್‌ಎ ಬದಲಾಗುವುದಿಲ್ಲವೇ? ಈ ಗೋಪುರದ ಎಳೆಗಳಲ್ಲಿ ಕೊಂಡಿಗಳಿವೆ, ಆದರೆ ಅವು ಯಾವ ಪ್ರೋಟೀನ್ ಮಾಡುವ ಆದೇಶವೂ ಅಲ್ಲ. ಅಂಟಿಕೊಳ್ಳಲೆಂದು ಜೋಡಿಸಿದ ಸಾಲುಗಳು. ನಮ್ಮ ವಂಶವಾಹಿಯ ಜೊತೆ ಸೇರುವಂತೆ ಇವನ್ನು ಮಾಡಿಲ್ಲ. ಜೊತೆಗೆ ರಕ್ತದಲ್ಲೂ ಗಾಯದ ರಸದಲ್ಲೂ ಡಿಎನ್‌ಎಯನ್ನು ತುಂಡರಿಸುವ ಕಿಣ್ವಗಳಿವೆ, ಅವು ಇದನ್ನು ಬೇಗ ಮುಗಿಸಿಬಿಡುತ್ತವೆ. ಅದು ಒಳ್ಳೆಯದೂ ಹೌದು, ತೊಂದರೆಯೂ ಹೌದು. ಏನೂ ಉಳಿಯುವುದಿಲ್ಲ, ಆದರೆ ಕೆಲಸ ಮುಗಿಯುವ ಮೊದಲೇ ಕರಗಿದರೆ ಪ್ರಯೋಜನವಿಲ್ಲ. ಕೆಲವು ಕೊಂಡಿ ಸಾಲುಗಳನ್ನು ಕಂಡರೆ ದೇಹ ಬ್ಯಾಕ್ಟೀರಿಯಾ ಬಂತೆಂದು ತಿಳಿದು ಕೆರಳುವುದೂ ಉಂಟು. ಆದ್ದರಿಂದ ಸಾಲುಗಳನ್ನು ಎಚ್ಚರದಿಂದ ಆರಿಸಬೇಕು.

ಎರಡನೇ ಪ್ರಶ್ನೆ: ಅದು ಯಾವ ಪ್ರಾಣಿಯ ಡಿಎನ್‌ಎ? ಗೋಪುರದ ಎಳೆಗಳು ಯಾವ ಪ್ರಾಣಿಯಿಂದಲೂ ತೆಗೆದವಲ್ಲ. ಯಂತ್ರದಲ್ಲಿ ರಾಸಾಯನಿಕವಾಗಿ ಒಂದೊಂದೇ ಕೊಂಡಿ ಸೇರಿಸಿ ಮಾಡಿದವು. ಇಂದಿನ ಮುಲ್ತಾನ್ ಬಳಿ, ಆಗಿನ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹರಗೋಬಿಂದ್ ಖೊರಾನಾ 1970ರಲ್ಲಿ ಒಂದು ಇಡೀ ವಂಶವಾಹಿಯನ್ನೇ ಕೃತಕವಾಗಿ ಜೋಡಿಸಿದ್ದನ್ನು ಪ್ರಕಟಿಸಿದ್ದರು. ಮೀನಿನ ಡಿಎನ್‌ಎ ತುಂಡುಗಳಿಂದ ಮಾಡಿದ ಪಿಡಿಆರ್‌ಎನ್ ಎಂಬ ಔಷಧಿ ಇಟಲಿ ಮತ್ತು ಕೊರಿಯಾದಲ್ಲಿ ಬಳಕೆಯಲ್ಲಿದೆ. ಅದು ಬೇರೆ. ಅದರಲ್ಲಿ ಆಕಾರ ಕಟ್ಟಿದ ಪಂಜರವಿಲ್ಲ. ‘ಸಾಲ್ಮನ್ ಡಿಎನ್‌ಎ’ ಎಂದು ಜಾಹೀರಾತು ಬರುವ ಸೌಂದರ್ಯದ ಕ್ರೀಮುಗಳನ್ನು ನೋಡಿ ಇದೇ ಅದು ಎಂದು ಯಾರೂ ಕೊಳ್ಳಬೇಡಿ, ತೆರೆದ ಗಾಯಕ್ಕಂತೂ ಹಚ್ಚಲೇಬೇಡಿ.

ಬೆಲೆ ಎಷ್ಟು, ಬರುವುದು ಯಾವಾಗ?

ಇದು ನಮ್ಮ ಕಾಮರ್ಸ್‌ನವರ ಪ್ರಶ್ನೆ. ಗೋಪುರಗಳ ಗಾಯದ ಔಷಧಿ ಮೆಡಿಕಲ್ ಶಾಪಿನಲ್ಲಿ ಇನ್ನೂ ಇಲ್ಲ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಲೇಬೇಕೆಂದಿಲ್ಲ. ಇಲಿಯ ಚರ್ಮ ಸಡಿಲ. ಅದರ ಗಾಯ ಹೆಚ್ಚಾಗಿ ಅಂಚುಗಳು ಸೇರಿಕೊಂಡು ಮುಚ್ಚುತ್ತದೆ, ನಮ್ಮದು ಹೊಸ ಮಾಂಸ ತುಂಬಿಕೊಂಡು ಮುಚ್ಚುತ್ತದೆ. ಆದ್ದರಿಂದ ಮನುಷ್ಯರ ಮೇಲೆ ಹಂತಹಂತವಾಗಿ ಪರೀಕ್ಷೆ ಆಗಬೇಕು, ಔಷಧ ನಿಯಂತ್ರಕರ ಒಪ್ಪಿಗೆ ಸಿಗಬೇಕು.

ಬೆಲೆಯ ಲೆಕ್ಕವೂ ಇದೆ. ಪರೀಕ್ಷಾ ಕೊಳವೆಯಲ್ಲಿ ಒಂದು ಹನಿ ಮಾಡುವುದು ಬೇರೆ, ಲಕ್ಷ ಜನರ ಕಾಲಿಗೆ ಸಾಕಾಗುವಷ್ಟು ಶುದ್ಧವಾಗಿ ಮಾಡುವುದು ಬೇರೆ. ಯಂತ್ರದಲ್ಲಿ ಕೊಂಡಿ ಕೊಂಡಿಯಾಗಿ ಜೋಡಿಸುವುದು ದುಬಾರಿ. 2017ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಹೆಂಡ್ರಿಕ್ ಡೀಟ್ಸ್ ಅವರ ಗುಂಪು, ಬ್ಯಾಕ್ಟೀರಿಯಾಗಳಲ್ಲಿ ಬೆಳೆಯುವ ವೈರಾಣುಗಳ ಮೂಲಕ ಲೀಟರುಗಟ್ಟಲೆ ತೊಟ್ಟಿಗಳಲ್ಲಿ ಡಿಎನ್‌ಎ ಎಳೆಗಳನ್ನು ತಯಾರಿಸುವ ದಾರಿ ತೋರಿಸಿತು. ಉತ್ಪಾದನೆ ಹೆಚ್ಚಿದಷ್ಟೂ ಒಂದೊಂದರ ಮೇಲಿನ ಖರ್ಚು ಇಳಿಯುತ್ತದೆ ಎಂದು ನಾವು ಪುಸ್ತಕದಲ್ಲಿ ಓದುವ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ಒಂದು ಹಳೆಯ ಉದಾಹರಣೆ ನೋಡಿ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದು ಬೆಕಾಪ್ಲರ್ಮಿನ್ ಎಂಬ ಬೆಳವಣಿಗೆ ಅಂಶದ ಜೆಲ್‌ಗೆ 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಹಚ್ಚುವಾಗಲೂ ಸತ್ತ ಮಾಂಸ ತೆಗೆದಿರಬೇಕು, ಕಾಲಿಗೆ ರಕ್ತ ಸರಿಯಾಗಿ ಬರುತ್ತಿರಬೇಕು, ಗಾಯದ ಮೇಲೆ ಭಾರ ಬೀಳಬಾರದು. ನಾಳೆ ಡಿಎನ್‌ಎ ಜೆಲ್ ಬಂದರೂ ಈ ನಿಯಮ ಬದಲಾಗುವುದಿಲ್ಲ. ‘ವೋ ಮಲಮ್ ಆಯಾ ಕ್ಯಾ?’ ಎಂದು ದಾದಾ ಆಗಾಗ ಕೇಳುತ್ತಾರೆ. ಇನ್ನೂ ಬಂದಿಲ್ಲ ಎಂದೇ ಹೇಳುತ್ತೇನೆ. ಆ ಆಸೆಯಲ್ಲಿ ಅವರು ಇನ್ನೊಂದು ಕಾಲನ್ನು ಮರೆಯಬಾರದಲ್ಲ.

ಅಲ್ಲಿಯವರೆಗೆ ನಾವು ಮಾಡಬೇಕಾದ್ದು

ಮನೆಯಲ್ಲಿ ಶುಗರ್ ಇರುವವರಿದ್ದರೆ ದಿನಕ್ಕೊಮ್ಮೆ ಅವರ ಅಂಗಾಲು ನೋಡಿ. ವಯಸ್ಸಾದವರಿಗೆ ಬಗ್ಗಿ ನೋಡಲಾಗದು, ಕಣ್ಣೂ ಮಂಜು. ನಮ್ಮ ಕಣ್ಣು ಚೆನ್ನಾಗಿದೆ. ನಮಾಜಿಗೆ ವುಜೂ ಮಾಡುವವರು ದಿನಕ್ಕೆ ಐದು ಸಲ ಕಾಲು ತೊಳೆಯುತ್ತಾರೆ, ಅದರಲ್ಲಿ ಒಂದು ಸಲವಾದರೂ ಅಂಗಾಲನ್ನು ನೋಡುವ ಅಭ್ಯಾಸವಾಗಲಿ. ತೊಳೆದ ಮೇಲೆ ಬೆರಳುಗಳ ಸಂದು ಒದ್ದೆ ಇರದಂತೆ ಬಟ್ಟೆಯಿಂದ ಒರೆಸಬೇಕು. ತೋಟದಿಂದ ಬಂದು ಕಾಲು ತೊಳೆಯುವ ಎಲ್ಲರಿಗೂ ಇದೇ ಮಾತು. ಬಿಸಿನೀರಿಗೆ ಕಾಲಿಡುವ ಮೊದಲು ಬೇರೆಯವರ ಕೈಯಿಂದ ಬಿಸಿ ನೋಡಿಸಬೇಕು. ಬರಿಗಾಲಲ್ಲಿ ತೋಟಕ್ಕೆ ಹೋಗಬಾರದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಮೊಳೆ, ಕಲ್ಲು, ಕರಟದ ಚೂರು ಇದೆಯೇ ನೋಡಬೇಕು.

ಗಾಯವಾದರೆ ಶುದ್ಧ ನೀರಿನಲ್ಲಿ ತೊಳೆದು ಸ್ವಚ್ಛ ಬಟ್ಟೆ ಕಟ್ಟಿ. ಕಾಫಿಪುಡಿ, ಸುಣ್ಣ, ಬೀಡಿಯ ಹೊಗೆಸೊಪ್ಪು, ಬೂದಿ ಬೇಡ. ಮಣ್ಣು, ತುಕ್ಕು ತಾಗಿದ್ದರೆ ಟಿಟಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಶುಗರ್ ಇರುವವರ ಕಾಲಿನ ಗಾಯ ಎಷ್ಟೇ ಚಿಕ್ಕದಿರಲಿ, ಎಷ್ಟೇ ನೋವಿಲ್ಲದಿರಲಿ, ಕೂಡಲೇ ತೋರಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತವಾಗಿದೆ. ಪಾದದ ಸ್ಪರ್ಶಜ್ಞಾನ ನೋಡಲು ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಗೊತ್ತಾಯಿತೇ ಎಂದು ಕೇಳುವ ಪರೀಕ್ಷೆ ಇದೆ. ಎರಡು ನಿಮಿಷದ ಕೆಲಸ. ವೈದ್ಯರ ಬಳಿ ಹೋದಾಗ ಅದನ್ನು ಕೇಳಿ ಮಾಡಿಸಿಕೊಳ್ಳಿ.

ಡಿಎನ್‌ಎಯ ಹುರಿಯಿಂದ ಗಾಯ ಕಟ್ಟುವ ದಿನ ಬರಲಿ ಎಂಬುದು ನನ್ನ ದುಆ. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರಲ್ಲಿ ಯಾರಾದರೂ ಆ ಕೆಲಸಕ್ಕೆ ಹೋದರೆ ಅದರ ಲೆಕ್ಕ ಬರೆಯಲು ನಾವು ಕಾಮರ್ಸ್‌ನವರು ಸಿದ್ಧ. ಇವತ್ತು ಸಂಜೆ ಮಾತ್ರ, ಮನೆಗೆ ಹೋದ ಮೇಲೆ, ಹಿರಿಯರ ಕಾಲು ಎತ್ತಿ ಅಂಗಾಲು ನೋಡಿ.